ನ್ಯಾಯಸ್ಥಾನದ ಮೆಟ್ಟಿಲು ಮತ್ತು ವೃದ್ಧರು: ಮಿತಾಕ್ಷರೆಯಿಂದ 2007ರ ಕಾಯ್ದೆಯವರೆಗೆ

ನಮ್ಮಲ್ಲಿ ನ್ಯಾಯಾಡಳಿತದ ಇತಿಹಾಸವನ್ನು ಬರೆದವರು ಹೆಚ್ಚಾಗಿ ನ್ಯಾಯಾಧಿಕಾರಿಗಳ ಶ್ರೇಣಿ, ಸಭೆಗಳ ರಚನೆ, ದಂಡದ ಪ್ರಮಾಣ, ದಿವ್ಯಪರೀಕ್ಷೆಗಳ ವಿಧಾನ ಮೊದಲಾದವುಗಳಿಗೆ ಗಮನ ಕೊಟ್ಟಿದ್ದಾರೆ. ಪೀಠದಲ್ಲಿ ಕುಳಿತವರ ವಿಚಾರ ವಿಪುಲವಾಗಿದೆ. ಪೀಠದ ಮುಂದೆ ಬಂದು ನಿಲ್ಲಬೇಕಾಗಿದ್ದವರ, ಅದರಲ್ಲಿಯೂ ಬರಲಾರದವರ ವಿಚಾರ ವಿರಳ. ಕಣ್ಣು ಮಂಜಾದ, ಕಾಲು ಸೋತ, ಮಾತು ತಡವರಿಸುವ ಮನುಷ್ಯನಿಗೂ ದೂರು ಇರಬಹುದು. ಅವನ ಮೇಲೆ ಇತರರ ದೂರೂ ಇರಬಹುದು. ಅಂತಹವನನ್ನು ನ್ಯಾಯಸ್ಥಾನವು ಹೇಗೆ ಕಂಡಿತು, ಅವನು ಅಲ್ಲಿಗೆ ಹೋಗಬೇಕಾಗಿತ್ತೇ ಅಥವಾ ಅದು ಅವನಲ್ಲಿಗೆ ಬರುತ್ತಿತ್ತೇ ಎಂಬ ಪ್ರಶ್ನೆಯನ್ನು ಹಿಡಿದು ಕೆಲವು ಆಧಾರಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ವೃದ್ಧರ ಪೋಷಣೆಯು ಮಕ್ಕಳ ಧರ್ಮವೆಂಬ ವಿಷಯವನ್ನು ಬಹಳ ಜನ ಬರೆದಿದ್ದಾರೆ. ಇಲ್ಲಿ ಮುಖ್ಯವಾಗಿ ನೋಡಬೇಕಾಗಿರುವುದು ಧರ್ಮವನ್ನಲ್ಲ, ವ್ಯವಹಾರಪದ್ಧತಿಯನ್ನು.

ಪ್ರಾಚೀನ ನ್ಯಾಯಗ್ರಂಥಗಳು ವೃದ್ಧರಿಗೆ ಎರಡು ಸ್ಥಾನಗಳನ್ನು ಕೊಟ್ಟಿವೆ. ಆ ಎರಡಕ್ಕೂ ಪರಸ್ಪರ ಹೊಂದಾಣಿಕೆಯಿಲ್ಲ. ಸಭೆಯಲ್ಲಿ ಕುಳಿತು ನಿರ್ಣಯ ಹೇಳಲು ಹಿರಿಯರೇ ಬೇಕು. ಹಿರಿಯರಿಲ್ಲದ ಕೂಟವನ್ನು ಸಭೆಯೆನ್ನಲಾಗದೆಂಬುದು ಸರ್ವಸಮ್ಮತವಾದ ಭಾವನೆಯಾಗಿತ್ತು. ಆದರೆ ಅದೇ ಹಿರಿಯನು ಸಾಕ್ಷಿಯಾಗಿ ಬಂದರೆ ಶಾಸ್ತ್ರಕಾರರಿಗೆ ಸಂದೇಹ. ಮನುಸ್ಮೃತಿಯ 8ನೆಯ ಅಧ್ಯಾಯವು ಸಾಕ್ಷಿಯಾಗಲು ಯೋಗ್ಯರಲ್ಲದವರ ಪಟ್ಟಿಯಲ್ಲಿ ಮಗುವಿನ ಜೊತೆಗೆ ವೃದ್ಧನನ್ನೂ ಸೇರಿಸಿದೆ. ಅನಿವಾರ್ಯವಾಗಿ ಅವರ ಸಾಕ್ಷ್ಯ ಪಡೆದರೆ ಅವರ ಮಾತು ಅಸ್ಥಿರವೆಂದು ತಿಳಿದಿರಬೇಕೆಂದು ಎಚ್ಚರಿಸುತ್ತದೆ. ಯಾಜ್ಞವಲ್ಕ್ಯನ ಪಟ್ಟಿಯೂ ಹೆಚ್ಚು ಭಿನ್ನವಲ್ಲ. ಅಲ್ಲಿ ವೃದ್ಧನು ಜೂಜುಗಾರ, ಮತ್ತ, ಉನ್ಮತ್ತರ ಸಾಲಿನಲ್ಲಿ ನಿಂತಿದ್ದಾನೆ. ಇದನ್ನು ಅಗೌರವವೆಂದು ತಿಳಿಯಬೇಕಾಗಿಲ್ಲ. ನೆನಪಿನ ಶಕ್ತಿಯನ್ನು ಕುರಿತ ಒರಟಾದ ಅಂದಾಜು ಅದು. ಆದರೆ ಪರಿಣಾಮ ಮಾತ್ರ ಸಣ್ಣದಲ್ಲ: ಹಳೆಯ ಗಡಿ, ಹಳೆಯ ಸಾಲ, ಹಳೆಯ ಮಾತುಕತೆಗಳನ್ನು ಬಲ್ಲವರು ಯಾರಿದ್ದಾರೋ ಅವರ ಮಾತಿಗೇ ತೂಕ ಕಡಿಮೆಯಾಯಿತು.

ಸಾಕ್ಷಿಯಾಗಿ ಬಂದ ವೃದ್ಧನ ಸ್ಥಿತಿ ಹೀಗಿದ್ದರೆ, ವಾದಿಯಾಗಿ ಬಂದ, ಅಥವಾ ಬರಲಾರದೆ ಉಳಿದ ವೃದ್ಧನ ವಿಚಾರದಲ್ಲಿ ಗ್ರಂಥಗಳ ಧೋರಣೆ ಬೇರೆ. ಇಲ್ಲಿ ಮೊದಲು ಹೆಸರಿಸಬೇಕಾದದ್ದು ಕೌಟಿಲ್ಯನ ಅರ್ಥಶಾಸ್ತ್ರ. ಇದರ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳ ಕಾರ್ಯವು ಕನ್ನಡ ನಾಡಿನ ವಿದ್ವತ್ತಿಗೆ ಹೆಮ್ಮೆ ತಂದ ಸಂಗತಿ. ಆ ಗ್ರಂಥದ ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದ ಕೊನೆಯ ಭಾಗದಲ್ಲಿ ಒಂದು ವಿಧಿಯಿದೆ. ದೇವತೆಗಳು, ಬ್ರಾಹ್ಮಣರು, ತಪಸ್ವಿಗಳು, ಸ್ತ್ರೀಯರು, ಬಾಲಕರು, ವೃದ್ಧರು, ರೋಗಿಗಳು, ಅನಾಥರು ಇವರು ತಾವಾಗಿ ನ್ಯಾಯಸ್ಥಾನಕ್ಕೆ ಬಾರದಿದ್ದರೂ ಅವರ ಕಾರ್ಯಗಳನ್ನು ಧರ್ಮಸ್ಥರೇ ಕೈಗೆತ್ತಿಕೊಳ್ಳಬೇಕು. ದೇಶ, ಕಾಲ, ಭೋಗಗಳ ನೆವವನ್ನೊಡ್ಡಿ ಅವರ ಹಕ್ಕನ್ನು ತಳ್ಳಿಹಾಕಬಾರದು ಎಂಬುದು ಅದರ ತಾತ್ಪರ್ಯ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಸ್ವಯಂಪ್ರೇರಿತ ವಿಚಾರಣೆ ಮತ್ತು ಕಾಲಮಿತಿಯ ಸಡಿಲಿಕೆ ಎರಡೂ ಇದರಲ್ಲಿ ಅಡಕವಾಗಿವೆ. ದೇವತೆಯ ಸಾಲಿನಲ್ಲಿ ವೃದ್ಧನು ಸೇರಿದ್ದು ಕುತೂಹಲಕರ. ದೇವಾಲಯದ ದೇವತೆಯಂತೆ ವೃದ್ಧನೂ ಆಸ್ತಿಯನ್ನು ಹೊಂದಿರಬಲ್ಲ, ಆದರೆ ಎದ್ದು ಹೋಗಿ ಅದಕ್ಕಾಗಿ ವಾದಿಸಲಾರ!

ಅದೇ ಗ್ರಂಥದ ಎರಡನೆಯ ಅಧಿಕರಣದಲ್ಲಿ, ಶಕ್ತಿಯಿದ್ದೂ ತಂದೆತಾಯಿಯರನ್ನು, ಹೆಂಡತಿ ಮಕ್ಕಳನ್ನು, ಪ್ರಾಯಕ್ಕೆ ಬಾರದ ತಮ್ಮಂದಿರನ್ನು, ಅವಿವಾಹಿತ ಅಥವಾ ವಿಧವೆಯರಾದ ಸೋದರಿಯರನ್ನು ಪೋಷಿಸದವನಿಗೆ 12 ಪಣ ದಂಡವೆಂದು ಹೇಳಿದೆ. ಪತಿತರಾದವರಿಗೆ ಈ ರಕ್ಷಣೆಯಿಲ್ಲ. ಆದರೆ ತಾಯಿಯಾದವಳು ಪತಿತಳಾದರೂ ಮಗನ ಹೊಣೆ ತಪ್ಪುವುದಿಲ್ಲ. ಪೋಷಣೆಯನ್ನು ಪುಣ್ಯಪಾಪಗಳ ಲೆಕ್ಕಕ್ಕೆ ಬಿಡದೆ ದಂಡದ ಲೆಕ್ಕಕ್ಕೆ ತಂದುದು ಗಮನಾರ್ಹ.

ಕಲ್ಯಾಣದ ವಿಜ್ಞಾನೇಶ್ವರ

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ರಚಿತವಾದ ಮಿತಾಕ್ಷರೆಯು ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನ. ಅದನ್ನು ದಾಯಭಾಗದ ಗ್ರಂಥವೆಂದಷ್ಟೇ ತಿಳಿಯುವುದು ರೂಢಿಯಾಗಿದೆ. ಈ ರೂಢಿಗೆ ಕಾರಣವೂ ಇದೆ: 1810ರಲ್ಲಿ ಕೋಲ್‌ಬ್ರೂಕ್‌ನು ಅದರ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಬ್ರಿಟಿಷ್ ಭಾರತದ ನ್ಯಾಯಾಲಯಗಳು ಗ್ರಂಥದ ಆ ತುಂಡನ್ನೇ ಹಿಡಿದವು. ವ್ಯವಹಾರವನ್ನು, ಎಂದರೆ ಮೊಕದ್ದಮೆಯನ್ನು ನಡೆಸುವ ಕ್ರಮವನ್ನು, ಕುರಿತ ಅದರ ಭಾಗಗಳು ಪಂಡಿತರ ಓದಿಗೆ ಉಳಿದವು. ನಮ್ಮ ಪ್ರಶ್ನೆಗೆ ಬೇಕಾದ ಸಾಮಗ್ರಿ ಇರುವುದು ಹೆಚ್ಚಾಗಿ ಆ ಮರೆತ ಭಾಗದಲ್ಲಿಯೇ.

ದೂರು ಬಂದಾಗ ಪ್ರತಿವಾದಿಯನ್ನು ಕರೆಸುವ ವಿಚಾರದಲ್ಲಿ ವಿಜ್ಞಾನೇಶ್ವರನು ಕೆಲವು ಸ್ಮೃತಿವಚನಗಳನ್ನು ಉದ್ಧರಿಸುತ್ತಾನೆ. ಅಶಕ್ತರು, ಬಾಲಕರು, ಸ್ಥವಿರರು, ಸಂಕಟದಲ್ಲಿರುವವರು, ಕಾರ್ಯಮಗ್ನರು ಇಂತಹವರನ್ನು ರಾಜನು ಕರೆಸಬಾರದು ಎಂಬುದು ಸಾಮಾನ್ಯ ನಿಯಮ. ಅಷ್ಟಕ್ಕೇ ನಿಂತಿದ್ದರೆ ಅದು ರಿಯಾಯಿತಿಯಾಗುತ್ತಿತ್ತೇ ಹೊರತು ನ್ಯಾಯವಾಗುತ್ತಿರಲಿಲ್ಲ; ವೃದ್ಧನನ್ನು ಕರೆಸದಿದ್ದರೆ ಅವನ ಮೇಲೆ ದೂರು ತಂದವನ ಗತಿಯೇನು? ಆದುದರಿಂದ ಮುಂದಿನ ಮಾತು ಬರುತ್ತದೆ: ಕಾಲದೇಶಗಳನ್ನೂ ಕಾರ್ಯದ ಬಲಾಬಲವನ್ನೂ ಅರಿತು, ಅಶಕ್ತರೇ ಮೊದಲಾದವರನ್ನು ಸಹ ನಿಧಾನವಾಗಿ, ವಾಹನಗಳಲ್ಲಿ ಕರೆತರಿಸಬಹುದು. ನಿಧಾನವಾಗಿ, ವಾಹನದಲ್ಲಿ, ಎಂಬ ಈ ಎರಡು ಷರತ್ತುಗಳನ್ನು ಯೋಚಿಸಿ ನೋಡಬೇಕು. ವಾಹನವನ್ನು ಒದಗಿಸುವವನು ರಾಜ. ವೃದ್ಧನ ಹಾಜರಿಯು ನ್ಯಾಯಕ್ಕೆ ಅಗತ್ಯವಾದರೆ ಆ ಹಾಜರಿಯ ಶ್ರಮ ನ್ಯಾಯಸ್ಥಾನದ ಪಾಲಿನದು ಎಂಬ ತತ್ತ್ವವು ಇದರಲ್ಲಿದೆ. ಈ ವಚನ ಕಲ್ಯಾಣದ ಧರ್ಮಾಧಿಕರಣದಲ್ಲಿ ದಿನನಿತ್ಯ ಪಾಲಿತವಾಗುತ್ತಿತ್ತೆಂದು ಇದರಿಂದ ಸಾಧಿಸಲಾಗದು. ಶಾಸ್ತ್ರವು ವಿಧಿಸಿದ್ದೆಲ್ಲ ನಡೆಯಿತೆಂದು ನಂಬುವ ಇತಿಹಾಸಕಾರನು ಹಾದಿ ತಪ್ಪುತ್ತಾನೆ. ಆದರೂ ಅಂದಿನ ವಿದ್ವಾಂಸರ ಕಣ್ಣಿಗೆ ಈ ಕಷ್ಟ ಬಿದ್ದಿತ್ತು ಎಂಬುದರಲ್ಲಿ ಸಂಶಯವಿಲ್ಲ.

ನಿಬಂಧಕಾರರು ಉದ್ಧರಿಸುವ ಮತ್ತೊಂದು ವಚನದ ಪ್ರಕಾರ ಅಧೀರರು, ಜಡರು, ವೃದ್ಧರು, ಸ್ತ್ರೀಯರು, ಬಾಲಕರು, ರೋಗಿಗಳು ಇವರ ಪರವಾಗಿ ಬಂಧುವಾಗಲಿ ನಿಯುಕ್ತನಾದ ಬೇರೊಬ್ಬನಾಗಲಿ ಪೂರ್ವಪಕ್ಷ ಉತ್ತರಪಕ್ಷಗಳನ್ನು ಹೇಳಬಹುದು. ದಿವ್ಯಪರೀಕ್ಷೆಯ ಸಂದರ್ಭದಲ್ಲಿಯೂ ಯಾಜ್ಞವಲ್ಕ್ಯನು ಸ್ತ್ರೀಯರು, ಬಾಲಕರು, ವೃದ್ಧರು, ಕುರುಡರು, ಹೆಳವರು, ರೋಗಿಗಳು ಮೊದಲಾದವರಿಗೆ ಬೆಂಕಿ ನೀರುಗಳನ್ನು ಬಿಟ್ಟು ತುಲಾದಿವ್ಯವನ್ನು ಹೇಳಿದ್ದಾನೆ. ಪ್ರಾಯಶ್ಚಿತ್ತದಲ್ಲಿ 80 ವರ್ಷ ದಾಟಿದವರಿಗೆ ಅರ್ಧ ಸಾಕು. ವಾರ್ಧಕ್ಯಕ್ಕೆ 80 ಎಂಬ ಗಡಿಯಿದ್ದ ಕಾಲ ಅದು. ಇಂದಿನ ಕಾಯ್ದೆಯ ಗಡಿ 60.

ಬಂಧುವೇ ವೃದ್ಧನ ಪರವಾಗಿ ಮಾತಾಡಬಹುದೆಂಬ ವ್ಯವಸ್ಥೆಯಲ್ಲಿ ಒಂದು ತೊಡಕಿದೆ. ಬಂಧುವೇ ಎದುರಾಳಿಯಾದರೆ? ತಂದೆಗೂ ಮಗನಿಗೂ ನಡುವೆ ಮೊಕದ್ದಮೆಯೇ ಸಲ್ಲದೆಂಬ ಸ್ಮೃತಿವಚನವೊಂದಿದೆ. ಗುರುಶಿಷ್ಯರು, ದಂಪತಿಗಳು, ಒಡೆಯ ಆಳುಗಳು ಇವರ ವಿರೋಧವೂ ಹಾಗೆಯೇ. ಸುಲಭವಾಗಿ ಓದಿದರೆ ಇದು ಮನೆಯ ಬಾಗಿಲನ್ನು ನ್ಯಾಯಸ್ಥಾನಕ್ಕೆ ಮುಚ್ಚುವ ಮಾತು. ವಿಜ್ಞಾನೇಶ್ವರನ ಹಿರಿಮೆ ಕಾಣುವುದು ಇಲ್ಲಿ. ಆ ವಚನವು ವ್ಯವಹಾರವನ್ನು ಪೂರ್ತಿಯಾಗಿ ನಿಷೇಧಿಸುವುದಿಲ್ಲವೆಂದು ಅವನು ವಾದಿಸುತ್ತಾನೆ. ಇಂತಹ ವಿವಾದಗಳು ಇಹಕ್ಕೂ ಪರಕ್ಕೂ ಒಳ್ಳೆಯದಲ್ಲವೆಂದು ರಾಜನೂ ಸಭ್ಯರೂ ಮೊದಲು ತಿಳಿಹೇಳಿ ನಿವಾರಿಸಬೇಕು. ಹಾಗೆ ಹೇಳಿಯೂ ಅವರು ಪಟ್ಟುಹಿಡಿದರೆ ಮೊಕದ್ದಮೆಯನ್ನು ನಡೆಸಲೇಬೇಕು ಎಂಬುದು ಅವನ ನಿರ್ಣಯ. ಮೊದಲು ಸಂಧಾನ, ತಪ್ಪಿದರೆ ವಿಚಾರಣೆ: ಈ ಕ್ರಮವನ್ನು ಮುಂದೆ 2007ರ ಕಾಯ್ದೆಯಲ್ಲಿ ಕಾಣುತ್ತೇವೆ. ಆ ಕಾಯ್ದೆಯನ್ನು ಬರೆದವರು ಮಿತಾಕ್ಷರೆಯನ್ನು ನೋಡಿದ್ದರೆಂದು ಹೇಳುವುದು ನನ್ನ ಉದ್ದೇಶವಲ್ಲ. ಒಂದೇ ಕಷ್ಟಕ್ಕೆ ಎದುರಾದವರು ಒಂದೇ ದಾರಿಯನ್ನು ಹಿಡಿದಿದ್ದಾರೆ, ಅಷ್ಟೆ.

ಇದರ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವ ಎಂಬ ವಿಜ್ಞಾನೇಶ್ವರನ ಸಿದ್ಧಾಂತವು ಮುದಿ ತಂದೆಯ ಕೈಯನ್ನು ಬಂಗಾಳದ ದಾಯಭಾಗ ಸಂಪ್ರದಾಯಕ್ಕಿಂತ ಹೆಚ್ಚು ಕಟ್ಟಿಹಾಕಿತು. ದಾಯಭಾಗದ ತಂದೆ ಬದುಕಿರುವವರೆಗೂ ಆಸ್ತಿಯ ಒಡೆಯ. ಮಿತಾಕ್ಷರೆಯ ತಂದೆ ಮಕ್ಕಳ ಜೊತೆ ಪಾಲುಗಾರ. ಆದುದರಿಂದಲೇ ಇರಬೇಕು, ವೃದ್ಧ ತಂದೆತಾಯಿಯರನ್ನು ನೂರು ಅಕಾರ್ಯಗಳನ್ನು ಮಾಡಿಯಾದರೂ ಪೋಷಿಸಬೇಕೆಂಬ ಮನುವಿನ ಹೆಸರಿನ ವಚನವು ಈ ಸಂಪ್ರದಾಯದಲ್ಲಿ ಅಷ್ಟು ಬಲವಾಗಿ ನಿಂತದ್ದು. ಬ್ರಿಟಿಷರ ಕಾಲದ ಹಿಂದೂ ನ್ಯಾಯವು ಅದನ್ನು ಆಸ್ತಿಯಿದ್ದರೂ ಇಲ್ಲದಿದ್ದರೂ ಮಗನ ಮೇಲಿರುವ ವೈಯಕ್ತಿಕ ಹೊಣೆಯೆಂದು ಅಂಗೀಕರಿಸಿತು.

ಸಂಹಿತೆಗಳ ಕಾಲ

19ನೆಯ ಶತಮಾನದ ಸಂಹಿತೆಗಳು ಬಂದಾಗ ಉತ್ತರಾಧಿಕಾರದ ನಿಯಮ ಕಲ್ಯಾಣದಿಂದಲೂ ಮೊಕದ್ದಮೆಯ ವಿಧಾನ ಇಂಗ್ಲೆಂಡಿನಿಂದಲೂ ಬಂದವು. ಈ ವಿಭಜನೆಯಿಂದ ವೃದ್ಧರಿಗೆ ಲಾಭವೂ ಆಯಿತು, ನಷ್ಟವೂ ಆಯಿತು. ಲಾಭ ಸ್ಪಷ್ಟ. 1872ರ ಸಾಕ್ಷ್ಯ ಅಧಿನಿಯಮದ 118ನೆಯ ಕಲಮು ಎಲ್ಲರೂ ಸಾಕ್ಷಿಯಾಗಲು ಅರ್ಹರೆಂದು ಸಾರಿತು. ಅತಿ ವಾರ್ಧಕ್ಯವು ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ಅಥವಾ ಸರಿಯಾಗಿ ಉತ್ತರಿಸಲು ಅಡ್ಡಿಯಾಗಿದೆಯೆಂದು ನ್ಯಾಯಾಲಯಕ್ಕೆ ಮನದಟ್ಟಾದರೆ ಮಾತ್ರ ಅನರ್ಹತೆ. ವಯಸ್ಸು ತಾನಾಗಿಯೇ ಕಳಂಕವಾಗುವುದು ಇಲ್ಲಿಗೆ ನಿಂತಿತು. ಅದೇ ವರ್ಷದ ಕರಾರು ಅಧಿನಿಯಮದ 16ನೆಯ ಕಲಮು, ವಯಸ್ಸು, ರೋಗ ಅಥವಾ ಸಂಕಟದಿಂದ ಮನಶ್ಶಕ್ತಿ ಕುಂದಿದವರಿಂದ ಮಾಡಿಸಿಕೊಂಡ ಕರಾರಿನಲ್ಲಿ ಅನುಚಿತ ಪ್ರಭಾವದ ಸಾಧ್ಯತೆಯನ್ನು ಗುರುತಿಸಿತು.

ನಷ್ಟವು ಹಾಜರಿಯ ವಿಚಾರದಲ್ಲಿ. 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯನ್ನು ತೆರೆದು ನೋಡಿದರೆ, ರೂಢಿಯಂತೆ ಹೊರಗೆ ಬಾರದ ಸ್ತ್ರೀಯರಿಗೆ 132ನೆಯ ಕಲಮಿನಲ್ಲಿ ಖುದ್ದು ಹಾಜರಿಯಿಂದ ವಿನಾಯಿತಿಯಿದೆ. 133ನೆಯ ಕಲಮಿನಲ್ಲಿ ಅಂತಸ್ತುಳ್ಳವರಿಗೆ ವಿನಾಯಿತಿಯಿತ್ತು. 1956ರ ತಿದ್ದುಪಡಿಯ ನಂತರ ಅದು ರಾಷ್ಟ್ರಪತಿ ಮೊದಲಾದ ಪದಾಧಿಕಾರಿಗಳ ಪಟ್ಟಿಯಾಯಿತು. ವಯಸ್ಸಾದವರಿಗೆ ಅಂತಹ ಕಲಮಿಲ್ಲ. ಅವರಿಗಿರುವುದು 26ನೆಯ ಆದೇಶದ ಮೊದಲ ನಿಯಮ: ರೋಗದಿಂದ ಅಥವಾ ದೌರ್ಬಲ್ಯದಿಂದ ಬರಲಾಗದವರ ಹೇಳಿಕೆಯನ್ನು ಪಡೆಯಲು ನ್ಯಾಯಾಲಯವು ಕಮಿಷನರನ್ನು ಕಳುಹಿಸಬಹುದು. ಕಳುಹಿಸಬಹುದು, ಕಳುಹಿಸಲೇಬೇಕೆಂದಿಲ್ಲ. ಅದಕ್ಕೆ ಅರ್ಜಿ ಬೇಕು, ವೈದ್ಯರ ಪ್ರಮಾಣಪತ್ರ ಬೇಕು, ಕಮಿಷನರ ಭತ್ಯೆಯ ಹಣವನ್ನು ಕಟ್ಟಬೇಕು. ಪದವಿಗೆ ಹಕ್ಕಿನಿಂದ ಸಿಕ್ಕಿದ್ದು ವೃದ್ಧಾಪ್ಯಕ್ಕೆ ದಯೆಯಿಂದ ಸಿಗಬೇಕಾಯಿತು. ಮಿತಾಕ್ಷರೆಯ ವಾಹನದ ಖರ್ಚು ಪಕ್ಷಕಾರನ ಹೆಗಲಿಗೆ ಬಂದಿತು.

ಈ ಮಾತಿಗೆ ವಿರುದ್ಧವಾಗಿ ಒಂದು ಉದಾಹರಣೆಯನ್ನು ಕೊಡಲೇಬೇಕು. ಅದೇ ವರ್ಷ, ಎಂದರೆ 1908ರಲ್ಲಿ, ಬಂದ ನೋಂದಣಿ ಅಧಿನಿಯಮದ 31 ಮತ್ತು 38ನೆಯ ಕಲಮುಗಳು ದೈಹಿಕ ದೌರ್ಬಲ್ಯದಿಂದ ಕಚೇರಿಗೆ ಬರಲಾಗದವರ ಮನೆಗೆ ನೋಂದಣಾಧಿಕಾರಿಯೇ ಹೋಗಿ ದಸ್ತಾವೇಜನ್ನು ಸ್ವೀಕರಿಸುವುದಕ್ಕೆ ಅವಕಾಶ ಕೊಟ್ಟಿವೆ. ಹಾಸಿಗೆ ಹಿಡಿದ ಮುದುಕಿಯ ಹೆಬ್ಬೆಟ್ಟಿನ ಗುರುತನ್ನು ಪಡೆಯಲು ಸರಕಾರವು ಅವಳ ಮನೆಯ ಹೊಸ್ತಿಲನ್ನು ದಾಟಬಲ್ಲದು. ಆ ದಾನಪತ್ರ ಮೋಸದಿಂದಾಯಿತೆಂದು ಮರುದಿನ ಅವಳು ಹೇಳಬೇಕಾದರೆ, ಮೆಟ್ಟಿಲು ಹತ್ತಬೇಕಾದವಳು ಅವಳೇ. ಆಸ್ತಿ ಕೈಬದಲಾಗುವ ದಾರಿ ಮನೆಯವರೆಗೆ ಬರುತ್ತದೆ. ಅದನ್ನು ಹಿಂದಕ್ಕೆ ಪಡೆಯುವ ದಾರಿ ತಾಲ್ಲೂಕಿನ ಕೇಂದ್ರದಿಂದ ಆರಂಭವಾಗುತ್ತದೆ. ಈ ವ್ಯತ್ಯಾಸವನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಎರಡು ಕಾನೂನುಗಳು ಎರಡು ಇಲಾಖೆಗಳ ಅನುಕೂಲವನ್ನು ನೋಡಿಕೊಂಡು ಬೆಳೆದವು.

1882ರ ಸ್ವತ್ತು ವರ್ಗಾವಣೆ ಅಧಿನಿಯಮದ 126ನೆಯ ಕಲಮು ದಾನವನ್ನು ಬಹುಮಟ್ಟಿಗೆ ಹಿಂತೆಗೆದುಕೊಳ್ಳಲಾಗದ ಕ್ರಿಯೆಯನ್ನಾಗಿ ಮಾಡಿದುದೂ ಇದರೊಂದಿಗೆ ಸೇರಿತು. ಅದರ ಮೇಲೆ ಕಾಲವಿಳಂಬ. ದಿವಾಣಿ ಮೊಕದ್ದಮೆಯಲ್ಲಿ ಪಕ್ಷಕಾರನು ಸತ್ತರೆ ಏನು ಮಾಡಬೇಕೆಂಬುದಕ್ಕೆ ಸಂಹಿತೆಯ 22ನೆಯ ಆದೇಶವೇ ಮೀಸಲಾಗಿದೆ. ವಾರಸುದಾರರನ್ನು ದಾಖಲೆಗೆ ತರಲು 90 ದಿನಗಳ ಅವಧಿಯಿದೆ. ಪಾಲಿನ ದಾವೆಯಾದರೆ ಹಕ್ಕು ಮಕ್ಕಳಿಗೆ ಮುಂದುವರಿಯುತ್ತದೆ. ಆದರೆ ಮುಂದಿನ ದಿನಗಳ ಜೀವನಾಂಶವನ್ನು ಕೇಳಿದವನು ತೀರಿಕೊಂಡರೆ ಬೇಡಿಕೆಗೆ ಅರ್ಥವೇ ಇಲ್ಲ. ಯುವಕನಿಗೆ ವಿಳಂಬವೆಂದರೆ ಕಷ್ಟ. ವೃದ್ಧನಿಗೆ ವಿಳಂಬವೆಂದರೆ ಸೋಲು.

ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ಚೀಫ್ ಕೋರ್ಟ್ ಸ್ಥಾಪಿತವಾಗಿ 1930ರಲ್ಲಿ ಹೈಕೋರ್ಟ್ ಆಯಿತು. ಪ್ರಕ್ರಿಯೆಯಲ್ಲಿ ಸಂಸ್ಥಾನವು ಬ್ರಿಟಿಷ್ ಭಾರತದ ಮಾದರಿಯನ್ನೇ ಅನುಸರಿಸಿತು. ಹೆಸರಿಸಬೇಕಾದ ಒಂದು ಸ್ವತಂತ್ರ ಹೆಜ್ಜೆಯೆಂದರೆ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಅಧಿನಿಯಮ. ವಿಧವೆಯರಿಗೂ ತಾಯಂದಿರಿಗೂ ಕುಟುಂಬದ ಪಾಲಿನಲ್ಲಿ ಹಕ್ಕನ್ನು ಕೊಟ್ಟ ಈ ಶಾಸನವು, ಬೇರೆ ಕಡೆ ಮಕ್ಕಳ ದಯೆಯಲ್ಲಿದ್ದ ಎಷ್ಟೋ ಮುದಿ ತಾಯಂದಿರನ್ನು ಪಾಲುದಾರರನ್ನಾಗಿಸಿತು. ಜೀವನಾಂಶವನ್ನು ಬೇಡುವುದಕ್ಕೂ ಪಾಲನ್ನು ಕೇಳುವುದಕ್ಕೂ ಇರುವ ಅಂತರ ದೊಡ್ಡದು.

ಜೀವನಾಂಶದ ಹಕ್ಕಿನಿಂದ ನ್ಯಾಯಮಂಡಳಿಗೆ

1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ಕಲಮು ಹೆಂಡತಿಗೂ ಮಕ್ಕಳಿಗೂ ಶೀಘ್ರ ಜೀವನಾಂಶದ ದಾರಿಯನ್ನು ತೋರಿತ್ತು. ತಂದೆತಾಯಿಗಳಿಗೆ ಅಲ್ಲಿ ಸ್ಥಾನವಿರಲಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದ 20ನೆಯ ಕಲಮು ವೃದ್ಧ ತಂದೆತಾಯಿಗಳ ಹೊಣೆಯನ್ನು ಮಗನ ಮೇಲೂ ಮಗಳ ಮೇಲೂ ಹೊರಿಸಿತು. ಆದರೆ ಅದಕ್ಕೆ ದಿವಾಣಿ ದಾವೆಯೇ ಗತಿ. 1973ರ ಹೊಸ ಸಂಹಿತೆಯ 125ನೆಯ ಕಲಮಿನಲ್ಲಿ ತಂದೆತಾಯಿಗಳು ಮೊದಲ ಬಾರಿಗೆ ಎಲ್ಲ ಧರ್ಮದವರಿಗೂ ಅನ್ವಯವಾಗುವಂತೆ ಸೇರಿದರು. ವಿವಾಹಿತ ಮಗಳೂ ಈ ಹೊಣೆಗೆ ಒಳಪಡುತ್ತಾಳೆಂದು ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ತೀರ್ಮಾನಿಸಿತು. ತಿಂಗಳಿಗೆ 500 ರೂಪಾಯಿಗಳ ಮಿತಿ ಮಾತ್ರ 2001ರ ತಿದ್ದುಪಡಿಯವರೆಗೂ ಉಳಿಯಿತು. ಈಗ ಈ ಕಲಮಿನ ಸ್ಥಾನದಲ್ಲಿ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿದೆ.

ತಂದೆತಾಯಿಗಳಿಗೆಂದೇ ಪ್ರತ್ಯೇಕ ನ್ಯಾಯಮಂಡಳಿ ಬೇಕೆಂಬ ವಿಚಾರ ಏಷ್ಯಾದಲ್ಲಿ ರೂಪ ತಳೆದದ್ದು ಸಿಂಗಪುರದ 1995ರ ಕಾಯ್ದೆಯಲ್ಲಿ. ನಮ್ಮಲ್ಲಿ 1999ರಲ್ಲಿ ವೃದ್ಧರ ರಾಷ್ಟ್ರೀಯ ನೀತಿ ಪ್ರಕಟವಾಯಿತು. 2001ರಲ್ಲಿ ಹಿಮಾಚಲ ಪ್ರದೇಶವು ತನ್ನದೇ ಕಾಯ್ದೆಯನ್ನು ಮಾಡಿತು. 2007ರಲ್ಲಿ ಸಂಸತ್ತು ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯನ್ನು ಅಂಗೀಕರಿಸಿತು. 2011ರ ಜನಗಣತಿಯ ವೇಳೆಗೆ ದೇಶದಲ್ಲಿ 60 ದಾಟಿದವರ ಸಂಖ್ಯೆ ಸುಮಾರು 10.4 ಕೋಟಿ.

ಈ ಕಾಯ್ದೆಯನ್ನು ವ್ಯವಹಾರಪದ್ಧತಿಯ ದೃಷ್ಟಿಯಿಂದ ಓದಿದರೆ ಅದರ ಸ್ವಾರಸ್ಯ ತಿಳಿಯುತ್ತದೆ. ವೃದ್ಧನು ಅರ್ಜಿ ಕೊಡಲಾರದಿದ್ದರೆ ಅವನು ಅಧಿಕಾರ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆ ಕೊಡಬಹುದು; ನ್ಯಾಯಮಂಡಳಿಯು ತಾನಾಗಿಯೂ ವಿಚಾರಣೆಯನ್ನು ಆರಂಭಿಸಬಹುದು. ಕೌಟಿಲ್ಯನ ಧರ್ಮಸ್ಥರಿಗಿದ್ದ ಹೊಣೆ ಇಲ್ಲಿ ಅಧಿಕಾರವಾಗಿ ಮರಳಿದೆ. ವೃದ್ಧನು ವಾಸಿಸುವ ಜಿಲ್ಲೆಯಲ್ಲಿಯೇ ಅರ್ಜಿ ಕೊಡಬಹುದು; ಮಗನಿರುವ ಊರಿಗೆ ಅಲೆಯಬೇಕಾಗಿಲ್ಲ. ಮೊದಲು ಸಂಧಾನಾಧಿಕಾರಿಗೆ ಒಪ್ಪಿಸಬಹುದು. ನೋಟೀಸು ಜಾರಿಯಾದ 90 ದಿನಗಳಲ್ಲಿ, ವಿಶೇಷ ಕಾರಣವಿದ್ದರೆ ಇನ್ನೊಮ್ಮೆ 30 ದಿನಗಳನ್ನು ಸೇರಿಸಿ, ಮುಗಿಸಬೇಕು. ಜೀವನಾಂಶದ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ಈ ಮಿತಿಯನ್ನು ತೆಗೆಯುವ ಮಸೂದೆಯು 2019ರಲ್ಲಿ ಲೋಕಸಭೆಯಲ್ಲಿ ಮಂಡಿತವಾದರೂ ಕಾಯ್ದೆಯಾಗಲಿಲ್ಲ. ಮೇಲ್ಮನವಿಯ ಹಕ್ಕನ್ನು ಕಾಯ್ದೆಯ ಪಾಠವು ಹಿರಿಯ ನಾಗರಿಕನಿಗೂ ತಂದೆತಾಯಿಗೂ ಮಾತ್ರ ಕೊಟ್ಟಿದೆ.

ಕರ್ನಾಟಕವು 2009ರಲ್ಲಿ ನಿಯಮಗಳನ್ನು ರಚಿಸಿತು. ಉಪವಿಭಾಗಾಧಿಕಾರಿ ಅಧ್ಯಕ್ಷನಾಗಿರುವ ನ್ಯಾಯಮಂಡಳಿ, ಜಿಲ್ಲಾಧಿಕಾರಿಯ ಮುಂದೆ ಮೇಲ್ಮನವಿ. ಕಂದಾಯದ ಅಧಿಕಾರಿಗೆ ನ್ಯಾಯದ ಕೆಲಸವನ್ನು ಕೊಟ್ಟುದರಲ್ಲಿ ಹೊಸತೇನೂ ಇಲ್ಲ. ಅಮಲ್ದಾರರ ಕಾಲದಿಂದಲೂ ಈ ನಾಡಿನ ರೈತನು ಅದಕ್ಕೆ ಒಗ್ಗಿದ್ದಾನೆ. ಆದರೆ ಭೂಸ್ವಾಧೀನ, ಚುನಾವಣೆ, ಬರ, ನೆರೆ, ಜಾತ್ರೆಯ ಬಂದೋಬಸ್ತುಗಳ ನಡುವೆ ಅವನು 90 ದಿನಗಳ ಲೆಕ್ಕವನ್ನು ಇಟ್ಟುಕೊಳ್ಳಬೇಕು. ಕಾಯ್ದೆಯ ದೊಡ್ಡ ದೌರ್ಬಲ್ಯವೂ ದೊಡ್ಡ ಅನುಕೂಲವೂ ಈ ಒಂದೇ ನೇಮಕದಲ್ಲಿವೆಯೆಂದು ನನ್ನ ಅಭಿಪ್ರಾಯ. ಅನುಕೂಲವೇನೆಂಬುದನ್ನು ಮುಂದೆ ಹೇಳುತ್ತೇನೆ.

17ನೆಯ ಕಲಮು ವಕೀಲರನ್ನು ಹೊರಗಿಟ್ಟಿತು. ಕುಟುಂಬದ ಮಾತು ವಕೀಲರ ಮಾತಾಗಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಎದುರು ನಿಂತ ಮಗನು ಓದಿದವನಾಗಿ, ತಾಯಿಯು ಅಕ್ಷರವರಿಯದವಳಾಗಿದ್ದರೆ ವಕೀಲರಿಲ್ಲದ ಸಮಾನತೆ ಯಾರ ಕಡೆಗೆ ವಾಲುತ್ತದೆ? ವಕೀಲರ ಅಧಿನಿಯಮದ 30ನೆಯ ಕಲಮು 2011ರಲ್ಲಿ ಜಾರಿಗೆ ಬಂದ ಮೇಲೆ ಈ ನಿಷೇಧವು ನಿಲ್ಲಲಾರದೆಂದು 2014ರಲ್ಲಿ ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯವೂ, 2021ರಲ್ಲಿ ಕೇರಳ ಉಚ್ಚ ನ್ಯಾಯಾಲಯವೂ ಹೇಳಿದವು. ಉಚಿತ ಕಾನೂನು ನೆರವಿನ ವಿಚಾರವೂ ಇಲ್ಲಿ ಬರುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನ ಪಟ್ಟಿಯಲ್ಲಿ ಸ್ತ್ರೀಯರು, ಮಕ್ಕಳು, ಅಂಗವಿಕಲರು, ಬಡವರು ಇದ್ದಾರೆ. ವಯಸ್ಸೆಂಬುದು ಪ್ರತ್ಯೇಕ ಕಾರಣವಾಗಿ ಅಲ್ಲಿಲ್ಲ. 2016ರಲ್ಲಿ ರಾಷ್ಟ್ರೀಯ ಪ್ರಾಧಿಕಾರವು ಹಿರಿಯ ನಾಗರಿಕರಿಗಾಗಿ ಒಂದು ಯೋಜನೆಯನ್ನು ರೂಪಿಸಿ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತು.

ಹೆಚ್ಚು ವಿವಾದಕ್ಕೆ ಎಡೆಯಾದದ್ದು 23ನೆಯ ಕಲಮು. ಕಾಯ್ದೆ ಬಂದ ಮೇಲೆ ಹಿರಿಯ ನಾಗರಿಕನು ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಸ್ವತ್ತನ್ನು ದಾನವಾಗಿ ಅಥವಾ ಬೇರೆ ರೀತಿಯಲ್ಲಿ ಕೊಟ್ಟು, ಪಡೆದವನು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯು ವಂಚನೆಯಿಂದಾದುದೆಂದು ಭಾವಿಸಿ ಶೂನ್ಯವೆಂದು ಘೋಷಿಸಬಹುದು. 1882ರ ಬಾಗಿಲು ಇಲ್ಲಿ ಸ್ವಲ್ಪ ತೆರೆಯಿತು. ಆದರೆ ಷರತ್ತನ್ನು ಬರೆದಿರಬೇಕೇ? ಯಾವ ತಾಯಿ ಮಗನಿಗೆ ಮನೆ ಕೊಡುವಾಗ ಅನ್ನ ಹಾಕಬೇಕೆಂದು ಪತ್ರದಲ್ಲಿ ಬರೆಸುತ್ತಾಳೆ? ಬರೆಸಿದರೆ ಅದು ಸಂಶಯವನ್ನು ತೋರಿಸಿದಂತೆ ಎಂದು ನಾಚುವವರೇ ಹೆಚ್ಚು. 2022ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ವರ್ಗಾವಣೆಯು ಅಂತಹ ಷರತ್ತಿಗೆ ಒಳಪಟ್ಟಿತ್ತೆಂಬುದು ಸ್ಥಾಪಿತವಾಗಲೇಬೇಕೆಂದು ಹೇಳಿತು. 2025ರ ಜನವರಿ 2ರಂದು, ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಇದು ಕಲ್ಯಾಣ ಶಾಸನವಾದುದರಿಂದ ಉದಾರವಾಗಿ ಅರ್ಥೈಸಬೇಕೆಂದು ಹೇಳಿ ದಾನಪತ್ರವನ್ನು ರದ್ದುಗೊಳಿಸಿತು; ಅಲ್ಲಿ ದಾನಪತ್ರದ ಜೊತೆಗೆ ಮಗನು ಬರೆದುಕೊಟ್ಟನೆನ್ನಲಾದ ವಚನಪತ್ರವೊಂದಿತ್ತು. ಬರೆಯದ ಮಾತಿನ ಪ್ರಶ್ನೆಯು ಹೀಗೆ ಪ್ರಕರಣದಿಂದ ಪ್ರಕರಣಕ್ಕೆ ಸಾಗುತ್ತಿದೆ.

ವೃದ್ಧರಿಗೆ ಶೀಘ್ರ ನ್ಯಾಯ ಕೊಡುವುದು ಯಾವಾಗಲೂ ನ್ಯಾಯವೇ ಎಂದೇನೂ ಇಲ್ಲ. ಬೆಂಗಳೂರಿನ ಒಂದು ಪ್ರಕರಣವು ಇದಕ್ಕೆ ಸಾಕ್ಷಿ. ಅತ್ತೆಮಾವಂದಿರ ಅರ್ಜಿಯ ಮೇಲೆ ಸೊಸೆಯನ್ನು ಮನೆಯಿಂದ ಹೊರಹಾಕಲು ಉಪವಿಭಾಗಾಧಿಕಾರಿ ಆದೇಶಿಸಿದರು. ಜಿಲ್ಲಾಧಿಕಾರಿ ಮತ್ತು ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದವು. 2020ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿ, 2007ರ ಕಾಯ್ದೆಯನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಸ್ತ್ರೀಗೆ ಕೊಟ್ಟ ವಸತಿಯ ಹಕ್ಕನ್ನು ಅಳಿಸಲು ಬಳಸಲಾಗದೆಂದು ಹೇಳಿತು. ಎರಡು ದುರ್ಬಲ ಪಕ್ಷಗಳು ಎದುರಾದಾಗ, ಒಬ್ಬರಿಗಾಗಿ ಕಟ್ಟಿದ ಕಿರುದಾರಿಯು ಇನ್ನೊಬ್ಬರ ಮೇಲೆ ಹಾದುಹೋಗುವ ಅಪಾಯವಿದೆ. ಸಂಕ್ಷಿಪ್ತ ವಿಚಾರಣೆಯನ್ನು ಹೊಗಳುವವರು ಈ ತೀರ್ಪನ್ನು ಮರೆಯಬಾರದು.

ಹಾಜರಿಯ ಪ್ರಶ್ನೆಗೆ ಮರಳೋಣ. ಪೊಲೀಸರು ಸಾಕ್ಷಿಗಳನ್ನು ಠಾಣೆಗೆ ಕರೆಸುವ ವಿಚಾರದಲ್ಲಿ 2013ರ ತಿದ್ದುಪಡಿಯು 65 ವರ್ಷ ದಾಟಿದ ಪುರುಷರನ್ನು ಅವರ ವಾಸಸ್ಥಳದಲ್ಲಿಯೇ ವಿಚಾರಿಸಬೇಕೆಂದು ಹೇಳಿತು. ಹೊಸ ಸಂಹಿತೆಯ 179ನೆಯ ಕಲಮು ಅದನ್ನು 60ಕ್ಕೆ ಇಳಿಸಿದೆ. ಸ್ತ್ರೀಯರಿಗೆ ಈ ರಕ್ಷಣೆ ಯಾವ ವಯಸ್ಸಿನಲ್ಲಿಯೂ ಇದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ 60 ದಾಟಿದವರನ್ನು ಉಪ ಅಧೀಕ್ಷಕರ ದರ್ಜೆಯ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ಬಂಧಿಸಬಾರದೆಂದು 35ನೆಯ ಕಲಮು ಹೇಳುತ್ತದೆ. ಹೀಗೆ ದಂಡನ್ಯಾಯದಲ್ಲಿ ವಯಸ್ಸು ಹಕ್ಕಾಗಿದೆ. ದಿವಾಣಿ ನ್ಯಾಯದಲ್ಲಿ ಅದು ಇಂದಿಗೂ ಅರ್ಜಿಯ ವಿಷಯ. ದೃಶ್ಯಸಂವಾದದ ಮೂಲಕ ಸಾಕ್ಷ್ಯ ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿಯೇ ಹೇಳಿತ್ತು. 2020ರ ಸಾಂಕ್ರಾಮಿಕವು ಅದನ್ನು ದೈನಂದಿನ ರೂಢಿಯನ್ನಾಗಿಸಿತು. ಮೊಮ್ಮಕ್ಕಳ ದೂರವಾಣಿಯಲ್ಲಿ ಹೇಳಿಕೆ ಕೊಡುವ ಅಜ್ಜಿಗೆ ಪ್ರಯಾಣ ತಪ್ಪಿದೆ, ಸರಿ. ಆ ದೂರವಾಣಿಯನ್ನು ಹಿಡಿದಿರುವ ಕೈ ಯಾರದು ಎಂಬುದನ್ನು ಪೀಠದಲ್ಲಿರುವವರು ಪರದೆಯಾಚೆ ಕಾಣಲಾರರು.

2008ರ ಗ್ರಾಮ ನ್ಯಾಯಾಲಯಗಳ ಕಾಯ್ದೆಯ 9ನೆಯ ಕಲಮು ನ್ಯಾಯಾಧಿಕಾರಿಯು ಹಳ್ಳಿಗಳಿಗೆ ಹೋಗಿ ಸಂಚಾರಿ ಪೀಠವನ್ನು ನಡೆಸಬೇಕೆಂದು ವಿಧಿಸಿತು. ಆ ಕಾಯ್ದೆಯು ಕಾಗದದಲ್ಲಿ ಉಳಿದಷ್ಟು ನೆಲದ ಮೇಲೆ ಬೆಳೆಯಲಿಲ್ಲ. ಆದರೆ ಹಿರಿಯ ನಾಗರಿಕರ ನ್ಯಾಯಮಂಡಳಿಗೆ ಹೊಸ ಸಂಚಾರಿ ಪೀಠ ಬೇಕಾಗಿಯೇ ಇಲ್ಲ. ಹಿಂದೆ ಹೇಳಿದ ಅನುಕೂಲವೆಂದರೆ ಇದು. 2007ರ ಕಾಯ್ದೆಯ 8ನೆಯ ಕಲಮು ನ್ಯಾಯಮಂಡಳಿಗೆ ತಾನು ಸೂಕ್ತವೆಂದು ಕಂಡ ಸಂಕ್ಷಿಪ್ತ ವಿಧಾನವನ್ನು ಅನುಸರಿಸುವ ಸ್ವಾತಂತ್ರ್ಯವನ್ನು ಕೊಟ್ಟಿದೆ. ಪೀಠವು ಉಪವಿಭಾಗದ ಕೇಂದ್ರದಲ್ಲಿಯೇ ಕೂಡಬೇಕೆಂದು ಅದು ಹೇಳುವುದಿಲ್ಲ. ಅದರ ಅಧ್ಯಕ್ಷನಾದ ಉಪವಿಭಾಗಾಧಿಕಾರಿಯು ಕಂದಾಯ ಇಲಾಖೆಯವನು. ತಿರುಗಾಟ ಅವನ ವೃತ್ತಿಯ ಭಾಗ. 2007ರಲ್ಲಿ ಕರ್ನಾಟಕದಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಆರಂಭವಾದ ವರ್ಷವೇ ಈ ಕಾಯ್ದೆಯೂ ಬಂದಿತು. ಪಿಂಚಣಿ ಅದಾಲತ್ತುಗಳನ್ನು ಅದೇ ಇಲಾಖೆಯು ಹೋಬಳಿ ಮಟ್ಟದಲ್ಲಿ ನಡೆಸಿದೆ. ಅದಾಲತ್ತಿನ ದಿನ ನಾಡಕಚೇರಿಯ ಜಗಲಿಯಲ್ಲಿ ಪಿಂಚಣಿಯ ಅರ್ಜಿ ಹಿಡಿದು ಕುಳಿತ ವೃದ್ಧರಲ್ಲಿ ಕೆಲವರ ಸೆರಗಿನ ಗಂಟಿನಲ್ಲಿ ಇನ್ನೊಂದು ಅರ್ಜಿಯೂ ಇರುತ್ತದೆ; ಅದನ್ನು ಸ್ವೀಕರಿಸುವ ಅಧಿಕಾರವುಳ್ಳವನು ಅದೇ ಇಲಾಖೆಯ ವಾಹನದಲ್ಲಿ ಅಲ್ಲಿಗೆ ಬರಬಲ್ಲ.